ಕನ್ನಡದ ಸಂಶೋಧನ ಪತ್ರಿಕೆಯ ಪ್ರಭಾವ ಅಳೆಯುವುದು ಹೇಗೆ? ಸಂಪಾದಕರಿಗೊಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ಮಾನವಿಕ ಅಥವಾ ಸಮಾಜವಿಜ್ಞಾನದ ಸಂಶೋಧನ ಪತ್ರಿಕೆ ನಡೆಸುವವರಿಗೆ ‘ನಿಮ್ಮ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಪತ್ರಿಕೆಯ ಲೇಖನಗಳನ್ನು ಇತರರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಹೇಳುವ ಅಂಕಿ ಅದು. ಬಡ್ತಿಗೆ ಅರ್ಜಿ ಹಾಕುವ ಅಧ್ಯಾಪಕರು ಕೇಳುತ್ತಾರೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುನ್ನ ವಿಶ್ವವಿದ್ಯಾಲಯದ ಕಚೇರಿ ಕೇಳುತ್ತದೆ. ಪತ್ರಿಕೆಗೆ ಲೇಖನ ಕಳುಹಿಸುವ ಮೊದಲು ಹೊಸ ಸಂಶೋಧಕರೂ ಕೇಳುತ್ತಾರೆ. ಉತ್ತರವಾಗಿ ಸಂಪಾದಕರಲ್ಲಿ ಕೆಲವರು ಸಂಕೋಚದಿಂದ ‘ಇಲ್ಲ’ ಎನ್ನುತ್ತಾರೆ. ಇನ್ನು ಕೆಲವರು, ಕನ್ನಡದ ವಿದ್ವತ್ತನ್ನು ಅಂಕಿಗಳಲ್ಲಿ ಅಳೆಯಲಾಗದು ಎಂದು ಗಟ್ಟಿ ದನಿಯಲ್ಲಿ ಹೇಳಿ ಮಾತು ಮುಗಿಸುತ್ತಾರೆ. ಎರಡನೆಯ ಉತ್ತರ ಕೇಳಲು ಚೆನ್ನಾಗಿದೆ, ಆದರೆ ಅದು ಸೋಮಾರಿತನದ ಉತ್ತರ. ಅಳೆಯಬಹುದು. ಅಂಗಡಿಯ ಸಿದ್ಧ ಅಳತೆಗೋಲು ಇಲ್ಲಿ ಕೆಲಸ ಮಾಡುವುದಿಲ್ಲ, ಕೈಯಾರೆ ಎಣಿಸಬೇಕು, ಅಷ್ಟೆ.

ಹಾಗೆ ಎಣಿಸುವ ಒಂದು ವಿಧಾನ ಇಲ್ಲಿದೆ. ಇಬ್ಬರು ಶ್ರದ್ಧೆಯಿಂದ ಕೂತರೆ ಒಂದು ಶೈಕ್ಷಣಿಕ ಅವಧಿಯಲ್ಲಿ ಮುಗಿಯುವ ಕೆಲಸ. ಬೇಕಾಗುವುದು ಪತ್ರಿಕೆಯ ಹಳೆಯ ಸಂಚಿಕೆಗಳು, ಒಂದು ಕಂಪ್ಯೂಟರ್, ಅಂತರಜಾಲ ಸಂಪರ್ಕ ಮತ್ತು ಒಂದು ಒಳ್ಳೆಯ ಗ್ರಂಥಾಲಯ. ಹಣ ಹೆಚ್ಚೇನೂ ಬೇಡ.

ಸಿದ್ಧ ಸೂಚ್ಯಂಕಗಳು ನಮಗೇಕೆ ಒಗ್ಗುವುದಿಲ್ಲ

ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಉಲ್ಲೇಖಗಳ ಸೂಚಿ ಮಾಡಬಹುದೆಂಬ ವಿಚಾರವನ್ನು ಅಮೆರಿಕದ ಮಾಹಿತಿವಿಜ್ಞಾನಿ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಮುಂದಿಟ್ಟರು. ಯಾವ ಪತ್ರಿಕೆಗಳನ್ನು ತಮ್ಮ ಸೂಚಿಗೆ ಸೇರಿಸಬೇಕೆಂದು ತೀರ್ಮಾನಿಸಲು ಅವರು ಮತ್ತು ಅವರ ಸಹೋದ್ಯೋಗಿ ಮಾಡಿಕೊಂಡ ಒಂದು ಉಪಾಯವೇ ಮುಂದೆ ಇಂಪ್ಯಾಕ್ಟ್ ಫ್ಯಾಕ್ಟರ್ ಆಯಿತು. ಅದರ ಲೆಕ್ಕ ಸರಳ: ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆ ಪ್ರಕಟಿಸಿದ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು, ಆ ಎರಡು ವರ್ಷಗಳ ಸಂಶೋಧನ ಲೇಖನಗಳ ಸಂಖ್ಯೆಯಿಂದ ಭಾಗಿಸುವುದು. ಈಗ ಇದನ್ನು ಪ್ರಕಟಿಸುವುದು ಕ್ಲಾರಿವೇಟ್ ಸಂಸ್ಥೆ ಮಾತ್ರ. ಕಲೆ ಮತ್ತು ಮಾನವಿಕಗಳ ಸೂಚಿಯಲ್ಲಿರುವ ಪತ್ರಿಕೆಗಳಿಗೆ ಅದು ಈ ಅಂಕಿಯನ್ನು ಕೊಡಲಾರಂಭಿಸಿದ್ದು 2023ರಲ್ಲಿ. ಅಂದರೆ ಇಂಗ್ಲಿಷಿನ ಹೆಸರಾಂತ ಸಾಹಿತ್ಯ ವಿಮರ್ಶೆಯ ಪತ್ರಿಕೆಗಳಿಗೂ ಮೊನ್ನೆಮೊನ್ನೆಯವರೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇರಲಿಲ್ಲ. ಮುಂದಿನ ಸಲ ಸಭೆಯಲ್ಲಿ ಯಾರಾದರೂ ಹುಬ್ಬೇರಿಸಿದರೆ ಇದನ್ನು ಹೇಳಿ.

ಎರಡು ವರ್ಷದ ಆ ಕಿಟಕಿ ನಮ್ಮ ವಿಷಯಗಳಿಗೆ ತೀರಾ ಕಿರಿದು. ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ. ಹಳಗನ್ನಡದ ಬಗ್ಗೆ ಬರೆಯುವವರು ಇವತ್ತಿಗೂ ಆ ವರದಿಯನ್ನು ಉಲ್ಲೇಖಿಸುತ್ತಾರೆ. ಶಾಸನ, ಛಂದಸ್ಸು, ಗ್ರಂಥಸಂಪಾದನೆ, ಜಾನಪದ ಇವುಗಳಲ್ಲಿ ಒಳ್ಳೆಯ ಲೇಖನ ಓದುಗರನ್ನು ತಲುಪುವುದಕ್ಕೇ ಎರಡು ವರ್ಷ ಬೇಕು. ಅದನ್ನು ಓದಿದವರ ಪುಸ್ತಕ ಅಚ್ಚಾಗಿ ಬರಲು ಇನ್ನೂ ಐದಾರು ವರ್ಷ.

ಇನ್ನೊಂದು ತೊಡಕು ಲಿಪಿಯದು. ಉಲ್ಲೇಖಗಳ ಅಂತರರಾಷ್ಟ್ರೀಯ ಸೂಚಿಯಾದ ಸ್ಕೋಪಸ್‌ಗೆ ಸೇರಬಯಸುವ ಪತ್ರಿಕೆಗೆ ಇಂಗ್ಲಿಷ್ ಶೀರ್ಷಿಕೆ, ಇಂಗ್ಲಿಷ್ ಸಾರಾಂಶ ಇರಬೇಕು. ಉಲ್ಲೇಖಗಳು ರೋಮನ್ ಲಿಪಿಯಲ್ಲಿರಬೇಕು. ಗೂಗಲ್ ಸ್ಕಾಲರ್ ಪತ್ರಿಕೆಗಳ ಎಚ್5-ಸೂಚ್ಯಂಕ (ಕಳೆದ ಐದು ವರ್ಷಗಳ ಲೇಖನಗಳಿಗೆ ಬಂದ ಉಲ್ಲೇಖಗಳ ಒಂದು ಅಳತೆ) ಪ್ರಕಟಿಸುತ್ತದೆ, ಆದರೆ ಐದು ವರ್ಷಗಳಲ್ಲಿ ನೂರಕ್ಕಿಂತ ಕಡಿಮೆ ಲೇಖನ ಪ್ರಕಟಿಸಿದ ಪತ್ರಿಕೆಯನ್ನು ಅದು ಪರಿಗಣಿಸುವುದೇ ಇಲ್ಲ. ವರ್ಷಕ್ಕೆ ಎರಡು ಸಂಚಿಕೆ, ಸಂಚಿಕೆಗೆ ಎಂಟು ಲೇಖನ ಎಂದಿಟ್ಟುಕೊಂಡರೆ ಐದು ವರ್ಷಕ್ಕೆ ಎಂಬತ್ತು. ಗುಣ ಎಷ್ಟೇ ಇರಲಿ, ಬಾಗಿಲಲ್ಲೇ ತಡೆ.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಕನ್ನಡದಲ್ಲಿ ಪತ್ರಿಕೆಯ ಲೇಖನವನ್ನು ಉಲ್ಲೇಖಿಸುವುದು ಮತ್ತೊಂದು ಪತ್ರಿಕೆಯ ಲೇಖನವಲ್ಲ, ಪಿಎಚ್.ಡಿ. ಮಹಾಪ್ರಬಂಧ, ಪುಸ್ತಕ, ವಿಚಾರಸಂಕಿರಣದ ಸಂಪುಟ ಮತ್ತು ಅಭಿನಂದನ ಗ್ರಂಥ. ನಿವೃತ್ತರಾಗುವ ಪ್ರತಿಯೊಬ್ಬ ಹಿರಿಯ ವಿದ್ವಾಂಸರಿಗೂ ಒಂದು ಅಭಿನಂದನ ಗ್ರಂಥ ಅರ್ಪಿಸುವ ನಮ್ಮ ರೂಢಿಯನ್ನು ಗೇಲಿ ಮಾಡುವವರಿದ್ದಾರೆ. ಆದರೆ ಕನ್ನಡ ಸಂಶೋಧನೆಯ ಎಷ್ಟೋ ಮುಖ್ಯ ವಾಗ್ವಾದಗಳು ನಡೆದಿರುವುದು ಆ ದಪ್ಪ ಸಂಪುಟಗಳ ಒಳಗೆ. ಯಾವ ಅಂತರರಾಷ್ಟ್ರೀಯ ಸೂಚಿಯೂ ಅವುಗಳನ್ನು ತೆರೆದು ನೋಡುವುದಿಲ್ಲ.

ಮೊದಲ ಹೆಜ್ಜೆ: ಯಾರಿಗಾಗಿ, ಯಾವ ಪ್ರಶ್ನೆಗಾಗಿ

ಕೋಷ್ಟಕ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಪ್ರಶ್ನೆಯನ್ನು ಬರೆದುಕೊಳ್ಳಿ. ‘ನಮ್ಮ ಲೇಖನಗಳನ್ನು ನಮ್ಮ ವಿಶ್ವವಿದ್ಯಾಲಯದ ಹೊರಗಿನವರು ಬಳಸುತ್ತಿದ್ದಾರೆಯೇ?’ ಎಂಬುದು ಒಳ್ಳೆಯ ಪ್ರಶ್ನೆ. ‘ಯಾವ ವಿಷಯದ ಲೇಖನಗಳು ಹತ್ತು ವರ್ಷ ಕಳೆದರೂ ಬದುಕಿವೆ?’ ಎಂಬುದು ಇನ್ನೂ ಒಳ್ಳೆಯದು, ಸಂಪಾದಕ ಮಂಡಳಿಗೆ ಅದರಿಂದ ನೇರ ಪ್ರಯೋಜನವಿದೆ. ‘ನಾವು ಬೇರೆ ಪತ್ರಿಕೆಗಿಂತ ಮೇಲೋ ಕೆಳಗೋ?’ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಹೋಲಿಕೆಗೆ ಬೇಕಾದ ಅಂಕಿಗಳನ್ನು ಆ ಪತ್ರಿಕೆಗಳವರೂ ಇದೇ ಬಗೆಯಲ್ಲಿ ಎಣಿಸಿರಬೇಕು, ಎಣಿಸಿರುವುದಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಮಾನ್ಯ ಪತ್ರಿಕೆಗಳ ಪಟ್ಟಿಯ ಬಗ್ಗೆ ಒಂದು ಮಾತು. 2019ರಲ್ಲಿ ಬಂದ ಯುಜಿಸಿ-ಕೇರ್ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಜಾಗವಿತ್ತು. ಆ ಪಟ್ಟಿಯನ್ನು ನಿಲ್ಲಿಸಿರುವುದಾಗಿ ಯುಜಿಸಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಪತ್ರಿಕೆಗಳನ್ನು ತೂಗಿ ನೋಡುವ ಹೊಣೆ ಈಗ ಸಂಸ್ಥೆಗಳ ಮೇಲೆಯೇ ಬಿದ್ದಿದೆ. ‘ಪಟ್ಟಿಯಲ್ಲಿದ್ದೇವೆ’ ಎಂಬ ಒಂದು ಸಾಲಿನ ಸಮರ್ಥನೆ ಇನ್ನು ನಡೆಯುವುದಿಲ್ಲವಾದ್ದರಿಂದ, ಸ್ವಂತ ದಾಖಲೆ ಇಟ್ಟುಕೊಂಡ ಪತ್ರಿಕೆಗೆ ಬೆಲೆ ಬರುತ್ತದೆ.

ಎರಡನೆಯ ಹೆಜ್ಜೆ: ಲೇಖನಗಳ ಪಟ್ಟಿ

ನಿಮ್ಮ ಪತ್ರಿಕೆ ಏನೇನು ಪ್ರಕಟಿಸಿದೆ ಎಂಬ ಪೂರ್ಣ ಪಟ್ಟಿ ಬಹುಶಃ ನಿಮ್ಮಲ್ಲೇ ಇರುವುದಿಲ್ಲ. ಅದನ್ನು ಮೊದಲು ಮಾಡಿ. ಕನಿಷ್ಠ ಕಳೆದ ಇಪ್ಪತ್ತು ವರ್ಷ. ಸಾಧ್ಯವಾದರೆ ಮೊದಲ ಸಂಚಿಕೆಯಿಂದಲೇ. ಎಕ್ಸೆಲ್‌ನಲ್ಲಿ ಒಂದು ಲೇಖನಕ್ಕೆ ಒಂದು ಸಾಲು: ಕ್ರಮಸಂಖ್ಯೆ, ಲೇಖಕರು, ಶೀರ್ಷಿಕೆ, ಸಂಪುಟ, ಸಂಚಿಕೆ, ವರ್ಷ, ಪುಟಗಳು, ಲೇಖಕರ ಸಂಸ್ಥೆ, ವಿಷಯ, ಬರಹದ ಬಗೆ. ಎಲ್ಲವೂ ಯೂನಿಕೋಡ್‌ನಲ್ಲೇ ಇರಲಿ.

‘ಬರಹದ ಬಗೆ’ ಎಂಬ ಕೊನೆಯ ಅಂಕಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಶೋಧನ ಲೇಖನ, ಪುಸ್ತಕ ವಿಮರ್ಶೆ, ಸಂಪಾದಕೀಯ, ಶ್ರದ್ಧಾಂಜಲಿ, ಅನುವಾದ ಇವು ಬೇರೆಬೇರೆ. ಭಾಗಾಕಾರದ ಛೇದದಲ್ಲಿ ಬರಬೇಕಾದದ್ದು ಸಂಶೋಧನ ಲೇಖನ ಮಾತ್ರ. ಶ್ರದ್ಧಾಂಜಲಿಗಳನ್ನೂ ಸೇರಿಸಿದರೆ ಸರಾಸರಿ ಕುಸಿಯುತ್ತದೆ. ಲೇಖನಗಳನ್ನೇ ‘ಟಿಪ್ಪಣಿ’ ಎಂದು ಕರೆದು ಛೇದದಿಂದ ಜಾರಿಸಿದರೆ ಸರಾಸರಿ ಏರುತ್ತದೆ. ಎರಡನೆಯ ಚಾಲಾಕಿತನ ಜಗತ್ತಿನ ದೊಡ್ಡ ಪತ್ರಿಕೆಗಳಿಗೂ ಗೊತ್ತು.

ಹೆಸರುಗಳದು ಇನ್ನೊಂದು ಕಥೆ. ಕಲಬುರ್ಗಿ, ಕಲಬುರಗಿ, ಎಂ.ಎಂ., ಎಮ್.ಎಮ್.; ಚಿದಾನಂದಮೂರ್ತಿ, ಚಿದಾನಂದ ಮೂರ್ತಿ, ಚಿಮೂ. ಒಬ್ಬರೇ ವಿದ್ವಾಂಸರು ಉಲ್ಲೇಖಗಳಲ್ಲಿ ನಾಲ್ಕಾರು ವೇಷದಲ್ಲಿ ಬರುತ್ತಾರೆ. ಒಬ್ಬೊಬ್ಬರಿಗೂ ಒಂದು ಅಧಿಕೃತ ರೂಪ ಗೊತ್ತುಮಾಡಿ, ಉಳಿದ ರೂಪಗಳನ್ನು ಪಕ್ಕದ ಅಂಕಣದಲ್ಲಿ ಬರೆಯಿರಿ. ಪತ್ರಿಕೆಯ ಹೆಸರಿಗೂ ಹೀಗೆಯೇ ಮಾಡಬೇಕು. ಎ.ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ವನ್ನು ಸಂಶೋಧಕರು ಪೂರ್ಣವಾಗಿಯೂ ಬರೆಯುತ್ತಾರೆ, ‘ಪ್ರ.ಕ.’ ಎಂದೂ ಬರೆಯುತ್ತಾರೆ. ಸಾಹಿತ್ಯ ಪರಿಷತ್ತಿನ ಪತ್ರಿಕೆಗೆ ‘ಪರಿಷತ್ಪತ್ರಿಕೆ’ ಎಂಬುದು ಒಂದು ರೂಪ, ‘ಕ.ಸಾ.ಪ. ಪತ್ರಿಕೆ’ ಎಂಬುದು ಇನ್ನೊಂದು. ರೋಮನ್ ಲಿಪಿಯಲ್ಲಿ ಬರೆಯುವಾಗ ಕರ್ನಾಟಕದ ಕೊನೆಯ ಸ್ವರ ಬಿಟ್ಟವರು, ಅಕ್ಷರಗಳ ಮೇಲೆ ಕೆಳಗೆ ಚಿಹ್ನೆ ಹಾಕಿದವರು ಎಲ್ಲರೂ ಸಿಗುತ್ತಾರೆ. ಈ ರೂಪಗಳ ಪಟ್ಟಿ ಕೈಯಲ್ಲಿಲ್ಲದೆ ಹುಡುಕಾಟಕ್ಕೆ ಇಳಿಯಬೇಡಿ.

ಮೂರನೆಯ ಹೆಜ್ಜೆ: ಯಂತ್ರಕ್ಕೆ ಕಾಣುವಷ್ಟನ್ನು ಬಾಚಿಕೊಳ್ಳಿ

ಇದು ಬೇಗ ಮುಗಿಯುವ ಕೆಲಸ. ಆನ್-ವಿಲ್ ಹಾರ್ಜಿಂಗ್ ಅವರು ರೂಪಿಸಿದ ‘ಪಬ್ಲಿಷ್ ಆರ್ ಪೆರಿಷ್’ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಳ್ಳಿ. ಅದು ಗೂಗಲ್ ಸ್ಕಾಲರ್‌ನ ಫಲಿತಾಂಶಗಳನ್ನು ಕೋಷ್ಟಕವಾಗಿ ಕೊಡುತ್ತದೆ. ಪತ್ರಿಕೆಯ ಹೆಸರನ್ನು ಕನ್ನಡದಲ್ಲೂ ರೋಮನ್‌ನಲ್ಲೂ, ಎಲ್ಲ ರೂಪಗಳಲ್ಲೂ ಹಾಕಿ ನೋಡಿ. ಬಂದದ್ದನ್ನೆಲ್ಲ ನಂಬಬೇಡಿ; ಒಂದೇ ಲೇಖನ ಎರಡು ಮೂರು ಸಲ ಬಂದಿರುತ್ತದೆ, ಲೇಖಕರ ಜಾಗದಲ್ಲಿ ಪ್ರಕಾಶಕರ ಹೆಸರಿರುತ್ತದೆ. 2022ರಲ್ಲಿ ಆರಂಭವಾದ ಓಪನ್‌ಅಲೆಕ್ಸ್ ಎಂಬ ಮುಕ್ತ ದತ್ತಾಂಶದಲ್ಲೂ ಒಮ್ಮೆ ಹುಡುಕಿ.

ಕ್ಲಾರಿವೇಟ್ ಸಂಸ್ಥೆಯ ಉಲ್ಲೇಖ ಸೂಚಿಯಾದ ವೆಬ್ ಆಫ್ ಸೈನ್ಸ್ ಬಳಸುವ ಅವಕಾಶ ನಿಮ್ಮ ಗ್ರಂಥಾಲಯಕ್ಕೆ ಇದ್ದರೆ, ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ದಾರಿಯಿದೆ. ನಿಮ್ಮ ಪತ್ರಿಕೆ ಆ ಸೂಚಿಯಲ್ಲಿ ಇಲ್ಲದಿದ್ದರೂ, ಸೂಚಿಯಲ್ಲಿರುವ ಇತರ ಪತ್ರಿಕೆಗಳು ನಿಮ್ಮದನ್ನು ಉಲ್ಲೇಖಿಸಿದ್ದರೆ ಅದು ಅಲ್ಲಿ ದಾಖಲಾಗಿರುತ್ತದೆ. ‘ಸೈಟೆಡ್ ರೆಫರೆನ್ಸ್ ಸರ್ಚ್’ ಎಂಬ ವಿಭಾಗಕ್ಕೆ ಹೋಗಿ, ಪತ್ರಿಕೆಯ ಹೆಸರಿನ ಮೊದಲ ಕೆಲವು ಅಕ್ಷರ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಯೂರೋಪ್ ಅಥವಾ ಅಮೆರಿಕದ ಯಾವುದೋ ಪತ್ರಿಕೆಯ ಅಡಿಟಿಪ್ಪಣಿಯಲ್ಲಿ ವೀರಶೈವ ಅಧ್ಯಯನದ ಬಗ್ಗೆ ನೀವು ಅಚ್ಚುಹಾಕಿದ ಲೇಖನ ಕಾಣಿಸಿಕೊಂಡರೆ, ಆ ಒಂದು ಉಲ್ಲೇಖವನ್ನು ವಿವರವಾಗಿ ಬರೆದಿಡಿ.

ಈ ಹಂತದಲ್ಲಿ ಸಿಗುವ ಸಂಖ್ಯೆ ಸಣ್ಣದಿರುತ್ತದೆ. ಎದೆಗುಂದಬೇಡಿ, ನಿಮ್ಮ ಬರಹ ಯಂತ್ರಕ್ಕೆ ಎಷ್ಟು ಕಾಣುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ನಾಲ್ಕನೆಯ ಹೆಜ್ಜೆ: ಕೈ ಎಣಿಕೆ

ಇಡೀ ಕೆಲಸದ ತಿರುಳು ಇದು. ನಿಧಾನವಾಗಿ ನೋಡೋಣ.

ಮಹಾಪ್ರಬಂಧಗಳಿಗೆ ಶೋಧಗಂಗಾ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರಕ್ಕೆ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿಯ 2009ರ ನಿಯಮ ಹೇಳಿತು. ಮೈಸೂರು, ಧಾರವಾಡ, ಬೆಂಗಳೂರು, ಕಲಬುರಗಿ, ಮಂಗಳೂರು, ಕುವೆಂಪು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೀಗೆ ವಿಶ್ವವಿದ್ಯಾಲಯವಾರು, ವಿಭಾಗವಾರು ಪಟ್ಟಿ ತೆರೆಯಬಹುದು. ಕನ್ನಡ ವಿಭಾಗವೊಂದನ್ನೇ ನೋಡಿ ನಿಲ್ಲಿಸಬೇಡಿ; ಇತಿಹಾಸ, ಜಾನಪದ, ಸಮಾಜಶಾಸ್ತ್ರ ವಿಭಾಗಗಳಲ್ಲೂ ಕನ್ನಡದ ಆಕರ ಬಳಸಿದ ಪ್ರಬಂಧಗಳಿವೆ. ಮದ್ರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳನ್ನು ಮರೆಯಬೇಡಿ.

ಎಲ್ಲವನ್ನೂ ಓದಲಾಗುವುದಿಲ್ಲ, ಮಾದರಿ ಆರಿಸಿಕೊಳ್ಳಬೇಕು. ಪಟ್ಟಿಯಿಂದ ಇಷ್ಟಬಂದ ಪ್ರಬಂಧ ಎತ್ತಿದರೆ ನಿಮ್ಮ ಪರಿಚಯದವರದೇ ಕೈಗೆ ಬರುತ್ತದೆ, ಅವರು ನಿಮ್ಮನ್ನು ಉಲ್ಲೇಖಿಸಿಯೇ ಇರುತ್ತಾರೆ. ಪ್ರತಿ ಐದನೆಯದು ಅಥವಾ ಪ್ರತಿ ಹತ್ತನೆಯದು ಎಂದು ಕಟ್ಟುನಿಟ್ಟಾಗಿ ಆರಿಸಿ. ಮಾದರಿಯ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ನಿಮ್ಮ ವಿಶ್ವವಿದ್ಯಾಲಯದ ಹೊರಗಿನವಾಗಿರಲಿ. ಹೇಗೆ ಆರಿಸಿದಿರಿ ಎಂಬುದನ್ನು ಆಗಲೇ ಬರೆದಿಡಿ.

ಶೋಧಗಂಗಾದಲ್ಲಿ ಪ್ರಬಂಧಗಳು ಅಧ್ಯಾಯವಾರು ಕಡತಗಳಾಗಿ ಒಡೆದಿರುತ್ತವೆ. ಗ್ರಂಥಋಣದ ಕಡತವೊಂದನ್ನೇ ಇಳಿಸಿಕೊಂಡರೆ ಸಾಕು ಎಂದು ಅನ್ನಿಸುತ್ತದೆ. ಸಾಲದು. ನಮ್ಮ ಪ್ರಬಂಧಗಳ ಗ್ರಂಥಋಣದಲ್ಲಿ ಪುಸ್ತಕಗಳು ವಿವರವಾಗಿ ಇರುತ್ತವೆ. ಕೊನೆಯಲ್ಲಿ ‘ನಿಯತಕಾಲಿಕೆಗಳು’ ಎಂಬ ಶೀರ್ಷಿಕೆಯ ಕೆಳಗೆ ಪ್ರಬುದ್ಧ ಕರ್ನಾಟಕ, ಕರ್ನಾಟಕ ಭಾರತಿ, ಸಾಧನೆ, ಮಾನವಿಕ ಕರ್ನಾಟಕ ಎಂದು ಬರೀ ಹೆಸರುಗಳ ಸಾಲು. ಯಾವ ಲೇಖನ, ಯಾರದು ಎಂಬ ಸುಳಿವೇ ಇಲ್ಲ. ನಿಜವಾದ ಉಲ್ಲೇಖ ಅಡಗಿರುವುದು ಪ್ರತಿ ಅಧ್ಯಾಯದ ಕೊನೆಟಿಪ್ಪಣಿಗಳಲ್ಲಿ. ಆದ್ದರಿಂದ ಎರಡನ್ನೂ ನೋಡಿ, ಎರಡು ಬೇರೆ ಅಂಕಣಗಳಲ್ಲಿ ದಾಖಲಿಸಿ: ಲೇಖನದ ಉಲ್ಲೇಖ ಒಂದು, ಪತ್ರಿಕೆಯ ಬರಿ ಹೆಸರು ಇನ್ನೊಂದು. ಇವೆರಡನ್ನೂ ಕೂಡಿಸಿ ಒಂದೇ ದೊಡ್ಡ ಸಂಖ್ಯೆ ಮಾಡುವ ಆಸೆಯನ್ನು ತಡೆದುಕೊಳ್ಳಿ.

ಕೊನೆಟಿಪ್ಪಣಿಯ ಒಂದು ಸಾಲು ಹೇಗಿರುತ್ತದೆಂದು ನೋಡಿ: ‘ಪ್ರ.ಕ., ಸಂ. 61, ಸಂ. 2, ಪು. 34-41.’ ಮೊದಲ ‘ಸಂ.’ ಸಂಪುಟ, ಎರಡನೆಯದು ಸಂಚಿಕೆ. ಲೇಖಕರ ಹೆಸರು, ಶೀರ್ಷಿಕೆ ಎರಡೂ ಇಲ್ಲ. ಪುಸ್ತಕದ ವಿಷಯಕ್ಕೆ ಬಂದರೆ ಅದೇ ‘ಸಂ.’ ಸಂಪಾದಕರೂ ಆಗಬಹುದು. ಎರಡನೆಯ ಹೆಜ್ಜೆಯಲ್ಲಿ ಮಾಡಿದ ಪಟ್ಟಿಯಲ್ಲಿ ಸಂಪುಟ, ಸಂಚಿಕೆ, ಪುಟಗಳ ಅಂಕಣ ಇದ್ದರೆ ಇದು ಯಾವ ಲೇಖನವೆಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಅದರ ಕೆಳಗೇ ‘ಅದೇ, ಪು. 38’, ಆಮೇಲೆ ‘ಪೂರ್ವೋಕ್ತ, ಪು. 40’ ಎಂದಿರಬಹುದು. ಒಂದು ಪ್ರಬಂಧ ಒಂದು ಲೇಖನವನ್ನು ಎಷ್ಟು ಸಲ ಹೆಸರಿಸಿದರೂ ಒಂದೇ ಎಂದು ಎಣಿಸಿ. ಎಷ್ಟು ಸಲ ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿ. ಆರು ಸಲ ಹೆಸರಿಸಿದ್ದರೆ ಆ ಲೇಖನದ ಮೇಲೆ ಅಧ್ಯಾಯವೇ ನಿಂತಿದೆ ಎಂದರ್ಥ.

ಈಗ ಅಕ್ಷರಗಳ ಕಾಟ. ಪಿಡಿಎಫ್ ತೆರೆದು ಕನ್ನಡದಲ್ಲಿ ‘ಪ್ರಬುದ್ಧ’ ಎಂದು ಹುಡುಕಿ, ಏನೂ ಸಿಗಲಿಲ್ಲ ಎಂದು ಮುಚ್ಚಬೇಡಿ. ಹಳೆಯ ಪ್ರಬಂಧಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿ ಇರುತ್ತವೆ. ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಪಠ್ಯವನ್ನು ನಕಲಿಸಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಓದಲು ಬರುತ್ತದೆ. ಸ್ಕ್ಯಾನ್ ಮಾಡಿದ ಪುಟಗಳಾದರೆ ಅದೂ ಸಾಧ್ಯವಿಲ್ಲ. ಗೂಗಲ್ ಡ್ರೈವ್ ಅಥವಾ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಬಳಸಿ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಬೇಕು, ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದು ಖಂಡಿತ. ನನ್ನ ಸಲಹೆ: ಕೊನೆಟಿಪ್ಪಣಿಗಳಿಗೆ ಯಂತ್ರವನ್ನು ನಂಬದೆ ಕಣ್ಣಿನಿಂದಲೇ ಓದಿ. ಪಳಗಿದ ಕಣ್ಣಿಗೆ ಒಂದು ಪ್ರಬಂಧಕ್ಕೆ ಅರ್ಧ ಗಂಟೆ ಸಾಕು.

ಪುಸ್ತಕಗಳಿಗೆ ಗ್ರಂಥಾಲಯದ ಕಪಾಟೇ ಗತಿ. ನಿಮ್ಮ ಪತ್ರಿಕೆಯ ವಿಷಯಗಳಿಗೆ ಸೇರಿದ ವಿಮರ್ಶೆ, ಸಂಶೋಧನೆ, ಇತಿಹಾಸದ ಪುಸ್ತಕಗಳಲ್ಲಿ, ವಿಶ್ವವಿದ್ಯಾಲಯದ ಪ್ರಸಾರಾಂಗಗಳ ಪ್ರಕಟಣೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಇದೇ ಕ್ರಮದಿಂದ ಮಾದರಿ ಆರಿಸಿ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿರುವ ಕನ್ನಡ ಪುಸ್ತಕಗಳೂ ನೆರವಿಗೆ ಬರುತ್ತವೆ.

ಇಲ್ಲಿ ಒಂದು ಸೋರಿಕೆಯನ್ನು ಗಮನಿಸಬೇಕು. ಕನ್ನಡದ ವಿದ್ವಾಂಸರು ಪತ್ರಿಕೆಗಳಲ್ಲಿ ಬರೆದದ್ದನ್ನು ಕೆಲವು ವರ್ಷಗಳಲ್ಲಿ ಸಂಕಲನವಾಗಿ ತರುತ್ತಾರೆ. ಎಂ.ಎಂ. ಕಲಬುರ್ಗಿಯವರ ಸಂಶೋಧನ ಲೇಖನಗಳು ‘ಮಾರ್ಗ’ ಸಂಪುಟಗಳಾಗಿ ಬಂದವು. ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಆಮೇಲಿನ ಸಂಶೋಧಕರು ಸಹಜವಾಗಿ ಸಂಪುಟವನ್ನೇ ಹೆಸರಿಸುತ್ತಾರೆ, ಲೇಖನವನ್ನು ಮೊದಲು ಅಚ್ಚುಮಾಡಿದ ಪತ್ರಿಕೆಯ ಹೆಸರು ಬಿದ್ದುಹೋಗುತ್ತದೆ. ನಿಮ್ಮಲ್ಲಿ ಬಂದ ಲೇಖನಗಳಲ್ಲಿ ಯಾವುವು ಮುಂದೆ ಸಂಕಲನ ಸೇರಿವೆ ಎಂದು ಗುರುತಿಸಿ, ಸಂಕಲನದ ಪುಟಗಳಿಗೆ ಬಂದ ಉಲ್ಲೇಖಗಳನ್ನು ‘ಮರುಮುದ್ರಣದ ಮೂಲಕ’ ಎಂಬ ಮೂರನೆಯ ಅಂಕಣದಲ್ಲಿ ಹಾಕಿ. ಲೇಖನಗಳು ಮೊದಲು ಎಲ್ಲಿ ಬಂದಿದ್ದವೆಂದು ಸಂಕಲನದ ಲೇಖಕರ ಮಾತಿನಲ್ಲೋ ಕೃತಜ್ಞತೆಯ ಪುಟದಲ್ಲೋ ಇರುತ್ತದೆ. ಇಲ್ಲದಿದ್ದರೆ ನಿಮ್ಮ ಪಟ್ಟಿಯ ಶೀರ್ಷಿಕೆಗಳೊಂದಿಗೆ ತಾಳೆ ನೋಡಬೇಕು. ಹಳೆಯ ಪತ್ರಿಕೆಗಳಿಗೆ ಈ ಅಂಕಣವೇ ಅತಿ ದೊಡ್ಡದಾಗಬಹುದು.

ಎಣಿಕೆ ಶುರುವಾದ ಮೇಲೆ ಒಂದಿಷ್ಟು ಪ್ರಬಂಧಗಳನ್ನು ಇಬ್ಬರೂ ಪ್ರತ್ಯೇಕವಾಗಿ ಎಣಿಸಿ, ಹೋಲಿಸಿ ನೋಡಿ. ವ್ಯತ್ಯಾಸ ಬಂದಲ್ಲಿ ನಿಯಮ ಸ್ಪಷ್ಟವಾಗಿಲ್ಲ ಎಂದರ್ಥ. ನಿಯಮ ತಿದ್ದಿಕೊಂಡು ಮುಂದುವರಿಯಿರಿ.

ಐದನೆಯ ಹೆಜ್ಜೆ: ಲೆಕ್ಕ

ಒಂದು ಕಾಲ್ಪನಿಕ ಪತ್ರಿಕೆಯನ್ನು ತೆಗೆದುಕೊಳ್ಳೋಣ. ಹತ್ತು ವರ್ಷದಲ್ಲಿ 160 ಸಂಶೋಧನ ಲೇಖನ. ಮಾದರಿಯ ಪ್ರಬಂಧ, ಪುಸ್ತಕಗಳಲ್ಲಿ ಸಿಕ್ಕ ಲೇಖನ ಉಲ್ಲೇಖಗಳು 72, ಅವು ಬಂದಿರುವುದು 48 ಲೇಖನಗಳಿಗೆ.

ಸರಾಸರಿ 0.45. ಈ ಅಂಕಿಯನ್ನು ಬರೆದುಕೊಳ್ಳಿ, ಆದರೆ ಮೆರೆಸಬೇಡಿ. ಒಂದೇ ಲೇಖನಕ್ಕೆ ಏಳು ಉಲ್ಲೇಖ ಬಂದಿದ್ದರೆ ಅದೊಂದನ್ನು ತೆಗೆದಾಗ ಸರಾಸರಿ 0.41ಕ್ಕೆ ಇಳಿಯುತ್ತದೆ. ಸಣ್ಣ ಸಂಖ್ಯೆಗಳಲ್ಲಿ ಸರಾಸರಿ ಬಹಳ ಚಂಚಲ. ಅದಕ್ಕಿಂತ ಗಟ್ಟಿಯಾದ ಅಂಕಿ ಉಲ್ಲೇಖಿತ ಲೇಖನಗಳ ಪಾಲು: 160ರಲ್ಲಿ 48, ಶೇ 30. ಹತ್ತು ಲೇಖನ ಅಚ್ಚುಹಾಕಿದರೆ ಮೂರನ್ನು ಯಾರೋ ಬಳಸಿದ್ದಾರೆ ಎಂದು ಯಾರಿಗಾದರೂ ವಿವರಿಸಬಹುದು.

ಎಚ್-ಸೂಚ್ಯಂಕವನ್ನು ಹೋರ್ಹೆ ಹಿರ್ಶ್ 2005ರಲ್ಲಿ ರೂಪಿಸಿದ್ದು ಒಬ್ಬ ವಿಜ್ಞಾನಿಯ ಸಾಧನೆ ಅಳೆಯಲು. ಪತ್ರಿಕೆಗೂ ಅದನ್ನು ಬಳಸುತ್ತಾರೆ. ಉಲ್ಲೇಖಗಳನ್ನು ಇಳಿಕೆಯ ಕ್ರಮದಲ್ಲಿ ಇಡಿ: 7, 5, 4, 3, 3, ಆಮೇಲೆ ಎರಡರವು ಏಳು, ಒಂದರವು ಮೂವತ್ತಾರು. ಮೂರು ಲೇಖನಗಳಿಗೆ ಕನಿಷ್ಠ ಮೂರು ಉಲ್ಲೇಖಗಳಿವೆ, ನಾಲ್ಕು ಲೇಖನಗಳಿಗೆ ಕನಿಷ್ಠ ನಾಲ್ಕಿಲ್ಲ. ಆದ್ದರಿಂದ ಎಚ್ ಮೂರು. ಇಂಥ ಪತ್ರಿಕೆಗೆ ಇದರಿಂದ ತಿಳಿಯುವುದು ಕಡಿಮೆ, ಕೇಳಿದವರಿಗೆ ಕೊಡಲು ಇರಲಿ.

ನಾನು ಹೆಚ್ಚು ಬೆಲೆ ಕೊಡುವುದು ಇನ್ನೆರಡು ಅಂಕಿಗಳಿಗೆ. ಒಂದು, ಉಲ್ಲೇಖದ ವಯಸ್ಸು: ಲೇಖನ ಬಂದ ವರ್ಷಕ್ಕೂ ಅದನ್ನು ಉಲ್ಲೇಖಿಸಿದ ವರ್ಷಕ್ಕೂ ಇರುವ ಅಂತರ. ಪತ್ರಿಕೆ ಹಳೆಯದಾಗಿದ್ದರೆ ಹತ್ತು ವರ್ಷದ ಮಿತಿ ಬಿಟ್ಟು ಎಲ್ಲ ಉಲ್ಲೇಖಗಳನ್ನೂ ಸೇರಿಸಿ ಮಧ್ಯಾಂಕ ತೆಗೆಯಿರಿ. ಅದು ಹದಿನೈದು ವರ್ಷ ಎಂದು ಬಂದರೆ, ಎರಡು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ನಿಮ್ಮ ಪತ್ರಿಕೆಗೆ ಏಕೆ ಹೊಂದದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇನ್ನೊಂದು, ಹರವು: ಆ 72ರಲ್ಲಿ ಸ್ವಂತ ವಿಶ್ವವಿದ್ಯಾಲಯದ ಪ್ರಬಂಧಗಳಿಂದ ಬಂದವು ಎಷ್ಟು? 40 ಎಂದಾದರೆ ಅರ್ಧಕ್ಕಿಂತ ಹೆಚ್ಚು ಮನೆಯೊಳಗಿನದೇ. ಲೇಖಕರು ತಮ್ಮನ್ನೇ ಉಲ್ಲೇಖಿಸಿಕೊಂಡದ್ದು ಎಷ್ಟು ಎಂಬುದನ್ನೂ ಬೇರೆ ತೋರಿಸಿ. ಮಾರ್ಗದರ್ಶಕರ ಲೇಖನವನ್ನು ವಿದ್ಯಾರ್ಥಿ ಉಲ್ಲೇಖಿಸುವುದು ಸ್ವೋಲ್ಲೇಖವಲ್ಲ ನಿಜ, ಆದರೆ ಅದರ ಹಿಂದಿರುವ ಸೌಜನ್ಯ ಎಲ್ಲರಿಗೂ ಗೊತ್ತು. ಪ್ರಬಂಧದ ಮೊದಲ ಪುಟದಲ್ಲೇ ಮಾರ್ಗದರ್ಶಕರ ಹೆಸರು ಇರುವುದರಿಂದ ಅದನ್ನೂ ಗುರುತಿಸಲು ಕಷ್ಟವಿಲ್ಲ.

72 ಎಂಬುದು ಮಾದರಿಯಲ್ಲಿ ಕಂಡ ಸಂಖ್ಯೆ. ಒಟ್ಟು ಉಲ್ಲೇಖಗಳು ಇಷ್ಟೇ ಎಂದು ಎಲ್ಲೂ ಬರೆಯಬೇಡಿ.

ಆರನೆಯ ಹೆಜ್ಜೆ: ಉಲ್ಲೇಖವನ್ನು ಓದಿ

ಮಾನವಿಕಗಳಲ್ಲಿ ಎಣಿಕೆ ಅರ್ಧ ಕೆಲಸ ಮಾತ್ರ. ಪ್ರತಿ ಉಲ್ಲೇಖದ ಸುತ್ತಲಿನ ವಾಕ್ಯ ಓದಿ ಮೂರು ಗುಂಪು ಮಾಡಿ. ಮೊದಲನೆಯದು, ಪಟ್ಟಿಯಲ್ಲಿ ಹೆಸರು ಹೇಳಿ ಮುಂದೆ ಹೋದದ್ದು. ಎರಡನೆಯದು, ಒಂದು ಸಂಗತಿಗೆ ಆಧಾರವಾಗಿ ಬಳಸಿದ್ದು. ಮೂರನೆಯದು, ವಾದವನ್ನು ಎತ್ತಿಕೊಂಡು ಚರ್ಚಿಸಿದ್ದು, ಒಪ್ಪಲಿ, ಖಂಡಿಸಲಿ. ವಚನಗಳ ಪಾಠದ ಬಗ್ಗೆಯೋ ಒಬ್ಬ ಕವಿಯ ಕಾಲದ ಬಗ್ಗೆಯೋ ನೀವು ಪ್ರಕಟಿಸಿದ ಲೇಖನವನ್ನು ಯಾರಾದರೂ ಹತ್ತು ಪುಟ ಖಂಡಿಸಿದ್ದರೆ, ಬರಿದೇ ಹೆಸರಿಸಿದ ಹತ್ತು ಉಲ್ಲೇಖಗಳಿಗಿಂತ ಅದರ ತೂಕ ಹೆಚ್ಚು. ವರದಿಯಲ್ಲಿ ಮೂರನೆಯ ಗುಂಪಿನ ಎರಡು ಮೂರು ಉದಾಹರಣೆಗಳನ್ನು ವಿವರವಾಗಿ ಬರೆಯಿರಿ. ಮೌಲ್ಯಮಾಪಕರು ನೆನಪಿಟ್ಟುಕೊಳ್ಳುವುದು ಅದನ್ನೇ.

ಏಳನೆಯ ಹೆಜ್ಜೆ: ಉಲ್ಲೇಖದ ಹೊರಗೆ

ಸ್ನಾತಕೋತ್ತರ ಪಠ್ಯಕ್ರಮಗಳ ಪರಾಮರ್ಶನ ಪಟ್ಟಿಯಲ್ಲಿ ನಿಮ್ಮ ಲೇಖನಗಳಿವೆಯೇ ನೋಡಿ; ವಿಶ್ವವಿದ್ಯಾಲಯಗಳ ಜಾಲತಾಣಗಳಲ್ಲಿ ಪಠ್ಯಕ್ರಮಗಳು ಸಿಗುತ್ತವೆ. ಅನುವಾದವಾದ ಲೇಖನಗಳು ಯಾವುವು ಎಂದು ಲೇಖಕರನ್ನೇ ಕೇಳಿ. ಕನ್ನಡ ವಿಕಿಪೀಡಿಯದ ಅಡಿಟಿಪ್ಪಣಿಗಳಲ್ಲಿ ಪತ್ರಿಕೆಯ ಹೆಸರು ಹುಡುಕುವುದು ಐದು ನಿಮಿಷದ ಕೆಲಸ. ಪತ್ರಿಕೆ ಜಾಲತಾಣದಲ್ಲಿದ್ದರೆ ಲೇಖನಗಳನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆಂಬ ಲೆಕ್ಕ ಇರುತ್ತದೆ, ಅದರಲ್ಲಿ ಅರ್ಧ ಪಾಲು ಯಂತ್ರಗಳ ಓಡಾಟವಿರಬಹುದು ಎಂಬ ಎಚ್ಚರ ಇರಲಿ.

ಗ್ರಂಥಾಲಯಗಳ ಹರವು ಮಾತ್ರ ನಿರ್ಲಕ್ಷಿಸಬಾರದ ಸಾಕ್ಷಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪ್ರಕಟಣೆಗಳನ್ನು ಸಂಗ್ರಹಿಸುತ್ತಿದೆ, ಕನ್ನಡದವೂ ಅದರಲ್ಲಿವೆ. ವರ್ಲ್ಡ್‌ಕ್ಯಾಟ್ ಎಂಬ ಜಾಗತಿಕ ಗ್ರಂಥಸೂಚಿಯಲ್ಲಿ ನಿಮ್ಮ ಪತ್ರಿಕೆಯ ಹೆಸರು ಹಾಕಿ ಯಾವ ಯಾವ ಗ್ರಂಥಾಲಯಗಳಲ್ಲಿದೆ ಎಂದು ನೋಡಿ. ಜೊತೆಗೆ ಕರ್ನಾಟಕದ ಕಾಲೇಜುಗಳ ಚಂದಾದಾರರ ಪಟ್ಟಿ, ಜಿಲ್ಲಾವಾರು. ಚಂದಾ ನವೀಕರಿಸಿದವರ ಪಾಲು ಎಷ್ಟು ಎಂಬುದು ಪ್ರಸಾರಾಂಗದ ಹಳೆಯ ಖಾತೆಪುಸ್ತಕದಲ್ಲೇ ಇರುತ್ತದೆ.

ಎಂಟನೆಯ ಹೆಜ್ಜೆ: ವರದಿ

ನಾಲ್ಕೈದು ಪುಟ ಸಾಕು. ಮಾದರಿಯನ್ನು ಹೇಗೆ ಆರಿಸಿದಿರಿ, ಏನನ್ನು ಉಲ್ಲೇಖವೆಂದು ಎಣಿಸಿದಿರಿ, ಏನನ್ನು ಬಿಟ್ಟಿರಿ ಎಂಬುದು ಮೊದಲ ಪುಟದಲ್ಲೇ ಬರಲಿ. ಆಮೇಲೆ ಅಂಕಿಗಳು, ಉದಾಹರಣೆಗಳು. ಒಂದೇ ಸಂಖ್ಯೆ ಸಾಕೆಂದು ಮೇಲಿನವರು ಹಟ ಹಿಡಿದರೆ, ಪತ್ರಿಕೆಯ ಸೂಚ್ಯಂಕವನ್ನು ವ್ಯಕ್ತಿಗಳ ಮೌಲ್ಯಮಾಪನಕ್ಕೆ ಬಳಸಬಾರದೆಂದು ಸಂಶೋಧನೆಯ ಮೌಲ್ಯಮಾಪನ ಕುರಿತ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳುವುದನ್ನೂ, ಸ್ಥಳೀಯವಾಗಿ ಮಹತ್ವದ ಸಂಶೋಧನೆಯ ಉತ್ಕೃಷ್ಟತೆಯನ್ನು ಕಾಪಾಡಬೇಕೆಂಬುದು 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ವಗಳಲ್ಲಿ ಮೂರನೆಯದು ಎಂಬುದನ್ನೂ ವರದಿಗೆ ಸೇರಿಸಿ. ಹೊರದೇಶದ ದಾಖಲೆ ತೋರಿಸಿದರೆ ನಮ್ಮ ಕಚೇರಿಗಳು ಬೇಗ ಒಪ್ಪುತ್ತವೆ. ಅದು ಬೇಸರದ ಸಂಗತಿ, ಆದರೆ ಉಪಯುಕ್ತ.

ಹಣ ಕಟ್ಟಿದರೆ ಮೂರು ದಿನದಲ್ಲಿ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಪ್ರಮಾಣಪತ್ರ ಕೊಡುವುದಾಗಿ ಇಮೇಲ್ ಬರುತ್ತದೆ. 5.8, 6.2 ಎಂದೆಲ್ಲ ಬಣ್ಣದ ಮುದ್ರೆ ಹಾಕಿಕೊಡುತ್ತಾರೆ. ಮುಖಪುಟದಲ್ಲಿ ಅದನ್ನು ಅಚ್ಚುಹಾಕಿಕೊಂಡ ಪತ್ರಿಕೆಯನ್ನು ಬಲ್ಲವರು ಮುಟ್ಟುವುದಿಲ್ಲ. ಹಿಂದಿನ ಸಂಚಿಕೆಗಳನ್ನು ಉಲ್ಲೇಖಿಸುವಂತೆ ಲೇಖಕರ ಮೇಲೆ ಒತ್ತಡ ತರುವುದೂ ಇದೇ ಜಾತಿಯ ಕೆಲಸ.

ಮುಂದಿನ ಎಣಿಕೆ ಸುಲಭವಾಗಲು

ಅಚ್ಚಿನ ಆವೃತ್ತಿಗೊಂದು, ಜಾಲ ಆವೃತ್ತಿಗೊಂದು ಐಎಸ್ಎಸ್ಎನ್ (ನಿಯತಕಾಲಿಕೆಯನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಪಡೆಯಿರಿ. ದೆಹಲಿಯ ರಾಷ್ಟ್ರೀಯ ಕೇಂದ್ರ ಅದನ್ನು ಉಚಿತವಾಗಿ ಕೊಡುತ್ತದೆ. ಪ್ರತಿ ಲೇಖನಕ್ಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಶೀರ್ಷಿಕೆ, ಸಾರಾಂಶ ಇರಲಿ. ಸಾಧ್ಯವಾದರೆ ಡಿಒಐ (ಅಂತರಜಾಲದಲ್ಲಿ ಲೇಖನದ ಶಾಶ್ವತ ಗುರುತುಸಂಖ್ಯೆ) ಕೊಡಿ. ಉಲ್ಲೇಖಗಳ ಪಟ್ಟಿಯನ್ನು ಕನ್ನಡದಲ್ಲೇ ಇಟ್ಟು, ಕೆಳಗೆ ರೋಮನ್ ಲಿಪ್ಯಂತರವನ್ನೂ ಸೇರಿಸಿ. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಪತ್ರಿಕೆಯನ್ನು ಜಾಲಕ್ಕೇರಿಸಬಹುದು. ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸುವಾಗ ಇಡೀ ಸಂಚಿಕೆಗೆ ಒಂದು ಕಡತ ಮಾಡಿ ಕೈತೊಳೆದುಕೊಳ್ಳದೆ, ಲೇಖನಕ್ಕೊಂದು ಕಡತ ಮಾಡಿಸಿ.

ಲೇಖಕರಿಗೆ ಕೊಡುವ ಸೂಚನೆಗಳಲ್ಲಿ ಒಂದು ಸಾಲು ಸೇರಿಸಿ: ಸಂಕ್ಷೇಪ ಬಳಸದೆ ಲೇಖಕರ ಹೆಸರು, ಶೀರ್ಷಿಕೆ, ಪತ್ರಿಕೆ, ‘ಸಂಪುಟ’, ‘ಸಂಚಿಕೆ’, ವರ್ಷ, ಪುಟ ಎಲ್ಲವನ್ನೂ ಪೂರ್ತಿಯಾಗಿ ಬರೆಯಬೇಕು. ಲೇಖನವನ್ನು ಮುಂದೆ ಸಂಕಲನಕ್ಕೆ ಸೇರಿಸಿಕೊಂಡಾಗ ಮೊದಲ ಪ್ರಕಟಣೆಯ ವಿವರ ಕೊಡಬೇಕೆಂದು ಒಪ್ಪಿಗೆ ಪತ್ರದಲ್ಲೇ ಬರೆಸಿಕೊಳ್ಳಿ. ಎಣಿಕೆಯ ಕೋಷ್ಟಕವನ್ನು ಒಬ್ಬರ ಲ್ಯಾಪ್‌ಟಾಪಿನಲ್ಲಿ ಬಿಡದೆ ವಿಭಾಗದ ಗ್ರಂಥಾಲಯಕ್ಕೊಂದು ಪ್ರತಿ ಕೊಡಿ. ಸಂಪಾದಕರು ಬದಲಾಗುತ್ತಾರೆ, ಐದು ವರ್ಷಕ್ಕೊಮ್ಮೆ ಇದೇ ಎಣಿಕೆಯನ್ನು ಮತ್ತೆ ಮಾಡುವವರಿಗೆ ಅದೇ ನಿಯಮಗಳು ಬೇಕಾಗುತ್ತವೆ.